ಹೋತದ ಸಾನ್ನಿಧ್ಯ ಮತ್ತು ಬೆದೆಯ ಕಾಲ: ಹರವೆಯ ಸೀಮೆಯನ್ನು ಕುರಿತ ಒಂದು ವಿವೇಚನೆ

ಚರಿತ್ರೆಯ ಅಧ್ಯಾಪಕರು ಮೇಕೆಯ ಬೆದೆಯನ್ನು ಕುರಿತು ಬರೆಯಹೊರಟರೆ ಓದುಗರಿಗೆ ಆಶ್ಚರ್ಯವಾಗುವುದು ಸಹಜ. ಇದು ಪಶುವೈದ್ಯರಿಗೆ ಸೇರಿದ ವಿಷಯವಲ್ಲವೆ ಎಂದು ಕೇಳಬಹುದು. ಅಂಡಾಶಯದಲ್ಲಿ ನಡೆಯುವ ವ್ಯಾಪಾರವು ಅವರಿಗೇ ಸೇರಿದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಸೀಮೆಯಲ್ಲಿ ಮರಿಗಳು ಯಾವ ತಿಂಗಳಲ್ಲಿ ಹುಟ್ಟುತ್ತವೆ, ಗಂಡುಮರಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಸಂತೆಗೆ ಹೋಗುತ್ತದೆ, ಹೋತವು ಯಾರ ಹಟ್ಟಿಯಲ್ಲಿ ಇರುತ್ತದೆ ಎಂಬ ಪ್ರಶ್ನೆಗಳು ಜನಜೀವನಕ್ಕೆ ಸಂಬಂಧಪಟ್ಟವು. ಅವುಗಳಿಗೆ ಕಾಲಗತಿಯುಂಟು, ಆದುದರಿಂದ ಚರಿತ್ರೆಯೂ ಉಂಟು. ರಾಜರ ವಂಶಾವಳಿಯನ್ನು ಶ್ರದ್ಧೆಯಿಂದ ಸರಿಪಡಿಸಿದ ನಮ್ಮ ವಿದ್ವಾಂಸರು ಆಡಿನ ಹಟ್ಟಿಯ ಕಡೆಗೆ ಅಷ್ಟಾಗಿ ನೋಡಲಿಲ್ಲ. ಆ ಕೊರತೆಯನ್ನು ತುಂಬಿಸಿದೆವೆಂದು ನಾವು ಹೇಳಿಕೊಳ್ಳುವುದಿಲ್ಲ. ಒಂದು ಮೂಲೆಯನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಈ ವಿಷಯ ನಮ್ಮ ಗಮನಕ್ಕೆ ಬಂದದ್ದು ಅನಿರೀಕ್ಷಿತವಾಗಿ. ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿಯಲ್ಲಿ ವೀರಗಲ್ಲುಗಳನ್ನು ನೋಡುತ್ತ ತಿರುಗುತ್ತಿದ್ದಾಗ, ವಯಸ್ಸಾದ ಹೆಂಗಸೊಬ್ಬರು ಮೂರು ಆಡುಗಳನ್ನು ಒಂದೇ ಹಗ್ಗದಲ್ಲಿ ಹಿಡಿದು ಬಿಸಿಲಿನಲ್ಲಿ ಪಕ್ಕದ ಊರಿಗೆ ನಡೆದುಹೋಗುತ್ತಿದ್ದರು. ಮಾರುವುದಕ್ಕೆಂದು ನಾವು ಭಾವಿಸಿದೆವು. ಹಾಗಲ್ಲ, ಪಕ್ಕದ ಊರಿನ ನೆಂಟರ ಹಟ್ಟಿಯಲ್ಲಿ ಹೋತವಿದೆ, ನಾಲ್ಕಾರು ದಿನ ಅಲ್ಲಿ ಬಿಟ್ಟು ಬರಬೇಕು ಎಂದರು. ಆಡುಗಳು ಬೆದೆಗೆ ಬಂದಿವೆಯೆ ಎಂದು ಕೇಳಿದ್ದಕ್ಕೆ, ಇನ್ನೂ ಇಲ್ಲವೆಂಬ ಉತ್ತರ ಬಂತು. ಬೆದೆಗೆ ಬಾರದ ಆಡನ್ನು ಅಷ್ಟು ದೂರ ಎಳೆದುಕೊಂಡು ಹೋಗುವುದರ ಅರ್ಥ ನಮಗೆ ತಿಳಿಯಲಿಲ್ಲ. ನಮ್ಮ ಅಜ್ಞಾನವನ್ನು ಕಂಡು ಅವರಿಗೆ ನಗು ಬಂತು. “ಓತ ಕಾಣ್ದೆ ಆಡು ಬೆದಗ ಬಂದದಾ ಮೇಷ್ಟ್ರೇ?” ಎಂದು ಹೇಳಿ ಮುಂದಕ್ಕೆ ನಡೆದರು.

ಈ ಒಂದು ವಾಕ್ಯದಲ್ಲಿ ಅಡಗಿರುವ ಸಂಗತಿಯು ಪಾಶ್ಚಾತ್ಯ ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತವಾಗಿ ನಿಲ್ಲುವುದಕ್ಕೆ ಬಹಳ ಕಾಲ ಹಿಡಿಯಿತು. ಸಂಗತಿಯೇನೆಂದರೆ, ಕೆಲವು ಕಾಲ ಗಂಡಿನಿಂದ ದೂರವಿದ್ದು ಬೆದೆಯಿಲ್ಲದೆ ಸುಮ್ಮನಿರುವ ಹೆಣ್ಣು ಮೇಕೆಗಳ ನಡುವೆ ಹೋತವನ್ನು ಬಿಟ್ಟರೆ, ಅದರ ಸಾನ್ನಿಧ್ಯವೇ ಅವುಗಳ ದೇಹದಲ್ಲಿ ಬೆದೆಯ ಚಕ್ರವನ್ನು ಮತ್ತೆ ಆರಂಭಿಸುತ್ತದೆ. ಹಲವು ಹೆಣ್ಣುಗಳು ಮೊದಲ ಎರಡು ಮೂರು ದಿನಗಳಲ್ಲಿಯೇ ಬೆದೆಯ ಲಕ್ಷಣವನ್ನು ತೋರಿಸುತ್ತವೆ. ಆದರೆ ಈ ಮೊದಲ ಬೆದೆ ಅನೇಕ ವೇಳೆ ನಿಲ್ಲುವುದಿಲ್ಲ. ಐದಾರು ದಿನಗಳಲ್ಲಿ ಮತ್ತೊಂದು ಬೆದೆ ಬರುತ್ತದೆ, ಗಬ್ಬ ನಿಲ್ಲುವುದು ಹೆಚ್ಚಾಗಿ ಈ ಎರಡನೆಯ ಸಾರಿ. ಮೇಕೆಯ ಸಾಮಾನ್ಯ ಬೆದೆಚಕ್ರ ಇಪ್ಪತ್ತೊಂದು ದಿನಗಳದು. ಆದುದರಿಂದ ಐದಾರು ದಿನಗಳ ಈ ಕಿರುಚಕ್ರವು ಗಂಡಿನ ಪ್ರವೇಶದ ಗುರುತೆಂದೇ ಹೇಳಬಹುದು. ನಾಲ್ಕಾರು ದಿನ ಬಿಟ್ಟು ಬರಬೇಕೆಂದು ಆ ವೃದ್ಧೆ ಹೇಳಿದ ಲೆಕ್ಕಕ್ಕೂ ಇದಕ್ಕೂ ಇರುವ ಹೊಂದಿಕೆಯನ್ನು ಗಮನಿಸಬೇಕು. ಕುರಿಗಳಲ್ಲಿ ಕ್ರಮ ಸ್ವಲ್ಪ ಬೇರೆ: ಟಗರನ್ನು ಬಿಟ್ಟ ಎರಡು ಮೂರು ದಿನಗಳಲ್ಲಿ ಅಂಡವು ಬಿಡುಗಡೆಯಾದರೂ ಬೆದೆಯ ಹೊರಲಕ್ಷಣ ಕಾಣುವುದಿಲ್ಲ, ಹದಿನೆಂಟು ಇಪ್ಪತ್ತು ದಿನಗಳಿಗೆ ಕೆಲವು, ಇಪ್ಪತ್ತನಾಲ್ಕು ಇಪ್ಪತ್ತಾರು ದಿನಗಳಿಗೆ ಮತ್ತೆ ಕೆಲವು, ಹೀಗೆ ಎರಡು ಗುಂಪುಗಳಾಗಿ ಬೆದೆಗೆ ಬರುತ್ತವೆ.

ಈ ವಿಷಯವನ್ನು ಕುರಿತ ಮೊದಲ ಬರಹವೆಂದು ಸಾಮಾನ್ಯವಾಗಿ ಎಣಿಸುವುದು 1813ರಲ್ಲಿ ಫ್ರಾನ್ಸಿನ ಆಂದ್ರ್ ಪ್ರಾಂತದ ಕೃಷಿಸಂಘದ ಪತ್ರಿಕೆಯಲ್ಲಿ ಜಿರಾರ್ ಎಂಬುವರು ಪ್ರಕಟಿಸಿದ ಲೇಖನವನ್ನು. ಮೊರೆಲ್ ದ ವಿಂದೆ ಎಂಬ ಕುರಿಸಾಕಣೆಗಾರರು ಅತ್ಯಲ್ಪ ಕಾಲದಲ್ಲಿ ಅತ್ಯಧಿಕ ಸಂಖ್ಯೆಯ ಕುರಿಗಳನ್ನು ಗಬ್ಬ ಕಟ್ಟಿಸಿದ ಉಪಾಯವನ್ನು ಅದು ವಿವರಿಸುತ್ತದೆ. ಆಮೇಲೆ ನೂರು ವರ್ಷಗಳಿಗೂ ಮೀರಿದ ಮೌನ. 1944ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಅಂಡರ್‌ವುಡ್, ಶಿಯರ್ ಮತ್ತು ಡ್ಯಾವನ್‌ಪೋರ್ಟ್ ಎಂಬ ಮೂವರು, ಟಗರನ್ನು ಮಂದೆಗೆ ಸೇರಿಸಿದ ದಿನಕ್ಕೂ ಕುರಿಗಳು ಬೆದೆಗೆ ಬರುವ ದಿನಕ್ಕೂ ಸಂಬಂಧವಿದೆಯೆಂಬುದನ್ನು ಎತ್ತಿ ತೋರಿಸಿದರು. 1954ರಲ್ಲಿ ಅದೇ ದೇಶದ ಶಿಂಕೆಲ್ ಅದನ್ನು ದೃಢಪಡಿಸಿದರು. ಮೇಕೆಯ ಸರದಿ ಬಂದದ್ದು ಇನ್ನೂ ತಡವಾಗಿ: 1960ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಶೆಲ್ಟನ್ ಎಂಬುವರು ಅಂಗೋರಾ ಮೇಕೆಗಳ ವಿಷಯದಲ್ಲಿ, ಹೋತದ ಸಾನ್ನಿಧ್ಯದಿಂದ ಬೆದೆಚಕ್ರವೂ ಅಂಡವಿಸರ್ಜನೆಯೂ ಆರಂಭವಾಗುವುದೆಂದು ಪ್ರಕಟಿಸಿದರು.

ಹೋತದಲ್ಲಿರುವ ಯಾವ ಅಂಶ ಈ ಕೆಲಸವನ್ನು ಮಾಡುತ್ತದೆಂಬ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಅದರ ನಾತದಲ್ಲಿದೆ. 2014ರಲ್ಲಿ ಜಪಾನಿನ ವಿಜ್ಞಾನಿಗಳು ಹೋತದ ತಲೆಗೆ ವಿಶೇಷವಾದ ಟೊಪ್ಪಿಗೆಯೊಂದನ್ನು ತೊಡಿಸಿ, ಅಲ್ಲಿಯ ಚರ್ಮದಿಂದ ಹೊರಡುವ ಆವಿಯನ್ನು ಹಿಡಿದು, ಅದರಲ್ಲಿ ನಾಲ್ಕು-ಈಥೈಲ್ ಆಕ್ಟನಾಲ್ ಎಂಬ ವಸ್ತುವನ್ನು ಗುರುತಿಸಿದರು. ಬೀಜ ಒಡೆದ ಹೋತದಲ್ಲಿ ಅದು ಇರಲಿಲ್ಲ. ಹೆಣ್ಣು ಅದನ್ನು ಮೂಸಿದೊಡನೆ, ಸಂತಾನಕ್ಕೆ ಸಂಬಂಧಪಟ್ಟ ಹಾರ್ಮೋನುಗಳನ್ನು ನಡೆಸುವ ಮಿದುಳಿನ ಕೇಂದ್ರವು ಚುರುಕುಗೊಂಡಿತು. ಆ ವಸ್ತುವನ್ನು ಬೇರ್ಪಡಿಸಿದರೆ ಅದರ ವಾಸನೆ ನಿಂಬೆಯ ಜಾತಿಯ ಹಣ್ಣಿನದಂತಿದೆಯಂತೆ. ಗಾಳಿಗೆ ಒಡ್ಡಿದಾಗ ಅದು ಬದಲಾಗಿ ನಮಗೆಲ್ಲ ಪರಿಚಿತವಾದ ಹೋತದ ನಾತವಾಗುತ್ತದೆ. ನಾತದ ಜೊತೆಗೆ ಹೋತದ ಓಡಾಟ, ಕೂಗು, ಹೆಣ್ಣನ್ನು ಅರಸುವ ಚೇಷ್ಟೆ ಇವೂ ಸೇರಿದರೆ ಪರಿಣಾಮ ಹೆಚ್ಚು. ಮಂಕಾಗಿ ಮಲಗಿರುವ ಹೋತದಿಂದ ಅಷ್ಟು ಪ್ರಯೋಜನವಿಲ್ಲ.

ವಿಜ್ಞಾನದ ಮಾತು ಇಷ್ಟು ಸಾಕು. ಚರಿತ್ರೆಗೆ ಸೇರಿದ ಪ್ರಶ್ನೆ ಇನ್ನು ಮುಂದೆ. ಕುರಿಮೇಕೆಗಳನ್ನು ಸಾವಿರಾರು ವರ್ಷಗಳಿಂದ ಸಾಕಿಕೊಂಡು ಬಂದ ನಮ್ಮ ನಾಡಿನಲ್ಲಿ ಈ ಸಂಗತಿ ಒಂದು ಶೋಧವಾಗಿ ಏಕೆ ಮೈದೋರಲಿಲ್ಲ? ನಮ್ಮವರಿಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಹರವೆಯ ದಾರಿಯಲ್ಲಿ ಅದನ್ನು ನಮಗೆ ಕಲಿಸಿದವರು ಯಾವ ಪತ್ರಿಕೆಯನ್ನೂ ಓದಿದವರಲ್ಲ. ಉತ್ತರವನ್ನು ಎರಡು ಕಡೆಗಳಲ್ಲಿ ಹುಡುಕಬೇಕೆಂದು ನಮ್ಮ ಅಭಿಪ್ರಾಯ: ಒಂದು, ಆಳುವವರು ಗಂಡುಪ್ರಾಣಿಯನ್ನು ಯಾವ ಕಣ್ಣಿನಿಂದ ನೋಡಿದರು ಎಂಬುದು, ಇನ್ನೊಂದು, ಮಂದೆಯ ರಚನೆ ಎಂಥದಾಗಿತ್ತು ಎಂಬುದು.

ಮೊದಲನೆಯದನ್ನು ನೋಡೋಣ. ನಮ್ಮ ಶಾಸನಗಳಲ್ಲಿ ಪಶುವೆಂದರೆ ಬಹುಮಟ್ಟಿಗೆ ದನ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ರೈಸರ ಎಪಿಗ್ರಾಫಿಯ ಕರ್ಣಾಟಿಕದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚಾದವು. ಕನ್ನಡನಾಡಿನ ವೀರಗಲ್ಲುಗಳು ತುರುಗೊಳ್ ಕಾಳಗದಲ್ಲಿ ಸತ್ತವನನ್ನು ಹೊಗಳುತ್ತವೆ. ಆಡಿನ ಹಿಂಡನ್ನು ಕಾದು ಸತ್ತವನಿಗೆ ಅಂಥ ಕೀರ್ತಿ ಅಪರೂಪ. ಕುರಿಮೇಕೆಗಳು ಶಾಸನಕ್ಕೆ ಬರುವುದು ತೆರಿಗೆಯ ಬಾಗಿಲಿನಿಂದ. ಕುರಿದೆರೆ, ಕುರಿಂಬದೆರೆ ಮೊದಲಾದ ಹೆಸರುಗಳು ಬಿಟ್ಟಿ, ಸುಂಕ, ಮಗ್ಗದೆರೆಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತವೆ. ತೆರಿಗೆಯ ದೃಷ್ಟಿಗೆ ಪ್ರಾಣಿಯೆಂದರೆ ಒಂದು ತಲೆ. ಗಂಡಿನ ಮೇಲೆ ಅರಮನೆ ಕಣ್ಣಿಟ್ಟಿದ್ದರೆ ಅದು ವಿನೋದಕ್ಕಾಗಿ: ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಟಗರಿನ ಕಾಳಗಕ್ಕೆ ಪ್ರತ್ಯೇಕ ಸ್ಥಾನವಿದೆ. ಮೈಸೂರು ಅರಸರ ಕಾಲಕ್ಕೆ ಬಂದರೆ, ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟೀಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆದು ಕೀರ್ತಿಗಳಿಸಿತು. ಅಲ್ಲಿಯೂ ಕಾಳಜಿ ಫಿರಂಗಿ ಎಳೆಯುವ ಎತ್ತುಗಳ ಮೇಲೆ. ಮೇಕೆಗೆ ಯಾವ ಮಹಲೂ ಕಟ್ಟಲ್ಪಡಲಿಲ್ಲ.

ಟೀಪುವಿನ ಪತನದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ರಾಜ್ಯವನ್ನು ಸುತ್ತಿ, ಕೊಳ್ಳೇಗಾಲ ಹನೂರುಗಳ ಮೇಲೆ ಹಾದು ಕೊಯಮತ್ತೂರಿನ ಕಡೆಗೆ ಇಳಿದನು. ಹೋದಲ್ಲೆಲ್ಲ ಕುರುಬರನ್ನೂ ಗೊಲ್ಲರನ್ನೂ ವಿಚಾರಿಸಿ ಬರೆದುಕೊಂಡನು. ಅವನಷ್ಟು ಪ್ರಶ್ನೆ ಕೇಳಿದ ಪ್ರವಾಸಿ ವಿರಳ. ಆದರೂ ಅವನ ಪ್ರಶ್ನೆಗಳ ಹಿಂದೆ ಕಂಪೆನಿಯ ಲೆಕ್ಕವಿತ್ತು: ಉಣ್ಣೆ ಎಷ್ಟು, ಕಂಬಳಿಯ ಬೆಲೆ ಎಷ್ಟು, ಹೊಲದಲ್ಲಿ ಮಂದೆ ನಿಲ್ಲಿಸಿದರೆ ಕುರುಬನಿಗೆ ಸಿಕ್ಕುವುದೇನು. ಮುಂದೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ, 1834ರಿಂದ 1861ರ ವರೆಗಿನ ಅವಧಿಯಲ್ಲಿ, ಉಣ್ಣೆಯನ್ನು ಉತ್ತಮಗೊಳಿಸುವುದಕ್ಕಾಗಿ ಮೆರಿನೊ ಟಗರುಗಳನ್ನು ತರಿಸಿ ದೇಶೀ ಕುರಿಗಳೊಡನೆ ಕೂಡಿಸುವ ಪ್ರಯತ್ನ ನಡೆಯಿತು. ಸರ್ಕಾರವೇ ಗಂಡುಪ್ರಾಣಿಯನ್ನು ಹೊರಗಿನಿಂದ ತಂದು ಹೆಣ್ಣುಮಂದೆಯಲ್ಲಿ ಬಿಟ್ಟ ಪ್ರಸಂಗವಿದು. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರವಾದ ದೃಷ್ಟಾಂತ ಬೇಕಿಲ್ಲ. ಆದರೆ ಆ ಪ್ರಯತ್ನವನ್ನು ಅಳೆದ ಮಾನ ಒಂದೇ: ಹುಟ್ಟಿದ ಮರಿಯ ಮೈಮೇಲೆ ಎಂಥ ಉಣ್ಣೆ ಬಂತು ಎಂಬುದು. ಟಗರು ರಕ್ತವನ್ನು ತರುವ ಪಾತ್ರೆಯಾಯಿತು. ಅದು ಮಂದೆಯ ಕಾಲಮಾನವನ್ನೂ ಬದಲಾಯಿಸಬಲ್ಲುದೆಂಬ ವಿಚಾರ ಯಾರ ಲೆಕ್ಕದಲ್ಲೂ ಸೇರಲಿಲ್ಲ. ತಳಿ ಸುಧಾರಣೆಯ ಮಾತು ಆಮೇಲಿನ ಸರ್ಕಾರಗಳ ಕಾಲದಲ್ಲಿಯೂ ಇದೇ ಜಾಡಿನಲ್ಲಿ ನಡೆದುಬಂದಿದೆ ಎಂದರೆ ತಪ್ಪಾಗಲಾರದು.

ಇಲ್ಲಿ ಒಂದು ವಿಷಯ ನಮಗೆ ಕುತೂಹಲಕರವಾಗಿ ತೋರಿದೆ. ಫ್ರಾನ್ಸಿಗೆ ಮೆರಿನೊ ಕುರಿ ಸ್ಪೇನಿನಿಂದ ಬಂದು ರಾಂಬುಯೆಯ ರಾಜಕ್ಷೇತ್ರದಲ್ಲಿ ನೆಲಸಿದ್ದು 1786ರಲ್ಲಿ. ಜಿರಾರರ ಲೇಖನ ಹುಟ್ಟಿದ್ದು ಆ ಉತ್ಸಾಹದ ಕಾಲದಲ್ಲಿ. ಆಸ್ಟ್ರೇಲಿಯದ 1944ರ ಅವಲೋಕನವೂ ಮೆರಿನೊ ಮತ್ತು ಅದರ ಮಿಶ್ರತಳಿಗಳನ್ನು ಒಳಗೊಂಡಿತ್ತು. ಅದೇ ಮೆರಿನೊ ಮೈಸೂರಿಗೂ ಬಂತು. ಎರಡು ಕಡೆ ಕಂಡ ಸಂಗತಿ ಮೂರನೆಯ ಕಡೆ ಕಾಣದೆ ಹೋದದ್ದೇಕೆ? ಇದಕ್ಕೆ ಕಾರಣ ಬೇಲಿಯೆಂದು ನಾವು ತಿಳಿಯುತ್ತೇವೆ. ಗಂಡಿನ ಪ್ರವೇಶವು ಒಂದು ಘಟನೆಯಾಗಿ ಕಣ್ಣಿಗೆ ಬೀಳಬೇಕಾದರೆ ಮೊದಲು ಗಂಡು ದೂರವಿರಬೇಕು. ಫ್ರಾನ್ಸಿನಲ್ಲಿ ಕೊಟ್ಟಿಗೆಯ ಗೋಡೆ, ಆಸ್ಟ್ರೇಲಿಯದಲ್ಲಿ ತಂತಿಯ ಬೇಲಿ ಟಗರನ್ನು ಹೆಣ್ಣುಮಂದೆಯಿಂದ ತಿಂಗಳುಗಟ್ಟಲೆ ಬೇರ್ಪಡಿಸಿದ್ದವು. ಟಗರನ್ನು ಬಿಟ್ಟ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ರೋಮನರಲ್ಲಿಯೂ ಈ ಪದ್ಧತಿಯುಂಟು: ಕೂಡಿಸುವುದಕ್ಕೆ ಎರಡು ತಿಂಗಳು ಮೊದಲೇ ಟಗರುಗಳನ್ನು ಪ್ರತ್ಯೇಕಿಸಿ ಪುಷ್ಟಿಯಾದ ಮೇವು ಕೊಡಬೇಕೆಂದು ವಾರ್ರೋ ತನ್ನ ಕೃಷಿಗ್ರಂಥದಲ್ಲಿ ವಿಧಿಸಿದ್ದಾನೆ.

ಹರವೆಯ ಸೀಮೆಯಲ್ಲಿ ಗೋಡೆಯೂ ಇಲ್ಲ, ತಂತಿಯೂ ಇಲ್ಲ. ಬೇಲಿಯೆಂದರೆ ಕಾಯುವ ಹುಡುಗನ ಕೈಯಲ್ಲಿರುವ ಕೋಲು. ಒಂದು ಮನೆಯಲ್ಲಿ ಎರಡು, ಇನ್ನೊಂದರಲ್ಲಿ ಐದು, ಹೀಗಿರುವ ಆಡುಗಳು ಬೆಳಗ್ಗೆ ಒಂದಾಗಿ ಬೀಳುಹೊಲಕ್ಕೂ ಹಳ್ಳದ ದಂಡೆಗೂ ಹೋಗಿ ಸಂಜೆ ತಂತಮ್ಮ ಹಟ್ಟಿಗೆ ಮರಳುವುದು ಇಲ್ಲಿಯ ರೂಢಿ. ಆ ಹಿಂಡಿನಲ್ಲಿ ಒಂದೋ ಎರಡೋ ಹೋತ, ಕೆಲವು ಬಲಿಯುತ್ತಿರುವ ಗಂಡುಮರಿ ಯಾವಾಗಲೂ ಇರುತ್ತಿದ್ದವು. ಗಂಡು ಸದಾ ಇರುವಲ್ಲಿ ಅದರ ಪ್ರಭಾವ ಹವೆಯಂತೆ ವ್ಯಾಪಿಸಿರುತ್ತದೆ; ಯಾರೂ ಅದನ್ನು ಪ್ರತ್ಯೇಕವಾಗಿ ಗುರುತಿಸುವುದಿಲ್ಲ. ಆಫ್ರಿಕದ ಪಶುಪಾಲಕರ ಪದ್ಧತಿಯೊಂದನ್ನು ಇಲ್ಲಿ ಹೋಲಿಸಬಹುದು. ಮಸಾಯಿ ಜನರು ಟಗರು ಹೋತಗಳ ಹೊಟ್ಟೆಯ ಕೆಳಗೆ ಚರ್ಮದ ಪಟ್ಟಿಯನ್ನು ಕಟ್ಟಿ, ಬೇಡದ ಕಾಲದಲ್ಲಿ ಗಬ್ಬವಾಗದಂತೆ ತಡೆಯುತ್ತಿದ್ದರು. ಸಹಾರದ ತುವಾರೆಗ್ ಜನರು ದಾರವನ್ನು ಕಟ್ಟಿ ಅದೇ ಉದ್ದೇಶವನ್ನು ಸಾಧಿಸುತ್ತಿದ್ದರು. ಇದರಿಂದ ಮರಿ ಹುಟ್ಟುವ ತಿಂಗಳು ಕೈಗೆ ಸಿಕ್ಕಿತು. ಆದರೆ ಗಂಡು ಮಂದೆಯಲ್ಲಿಯೇ ಇರುವುದರಿಂದ ಅದರ ಹೊಸ ಪ್ರವೇಶದ ಪರಿಣಾಮ ಅಲ್ಲಿಯೂ ಪ್ರಕಟವಾಗಲಾರದು. ಕಾಲವನ್ನು ಹತೋಟಿಯಲ್ಲಿಡುವುದು ಬೇರೆ, ಬೆದೆಯನ್ನು ಎಬ್ಬಿಸುವುದು ಬೇರೆ.

ಇಷ್ಟಾದರೂ ನಮ್ಮ ಜನರಿಗೆ ಈ ತಿಳಿವಳಿಕೆ ಇತ್ತೆಂಬುದಕ್ಕೆ ಭಾಷೆಯಲ್ಲಿ ಒಂದು ಸಾಕ್ಷಿಯಿದೆ. ಕನ್ನಡದಲ್ಲಿ ‘ಬೆದೆ’ ಎಂಬ ಮಾತಿಗೆ ಎರಡು ಅರ್ಥ. ಪ್ರಾಣಿಯ ಕಾಮೋದ್ರೇಕ ಒಂದು. ಮಳೆ ಬಿದ್ದು ಹೊಲವು ಬಿತ್ತನೆಗೆ ಹದವಾಗುವುದು ಇನ್ನೊಂದು. ಆಡೂ ಬೆದೆಗೆ ಬರುತ್ತದೆ, ಹೊಲವೂ ಬೆದೆಗೆ ಬರುತ್ತದೆ. ಹೊಲವು ತನ್ನಷ್ಟಕ್ಕೆ ತಾನೇ ಹದಗೊಳ್ಳುವುದಿಲ್ಲ, ಹೊರಗಿನಿಂದ ಮಳೆ ಬರಬೇಕು. ಒಂದೇ ಶಬ್ದದಿಂದ ಎರಡನ್ನೂ ಕರೆದ ಒಕ್ಕಲುಮಕ್ಕಳ ಮನಸ್ಸಿನಲ್ಲಿ, ಹೆಣ್ಣಿನ ಬೆದೆಯೂ ಆಗಮನವೊಂದನ್ನು ಕಾದಿರುವ ಸ್ಥಿತಿಯೆಂಬ ಭಾವನೆ ಇದ್ದಿರಬೇಕು. ಶಬ್ದಾರ್ಥದಿಂದ ಇತಿಹಾಸವನ್ನು ಕಟ್ಟುವುದು ಅಪಾಯಕರವೆಂದು ನಮಗೆ ಗೊತ್ತಿದೆ. ಆದುದರಿಂದ ಇದನ್ನು ಪ್ರಮಾಣವೆಂದು ಹೇಳದೆ ಸೂಚನೆಯೆಂದಷ್ಟೇ ಮುಂದಿಡುತ್ತೇವೆ.

ಎರಡು ಆಕ್ಷೇಪಣೆಗಳಿಗೆ ಇಲ್ಲಿ ಉತ್ತರ ಹೇಳಬೇಕು. ಮೊದಲನೆಯದು: ಗಂಡಿನ ಪ್ರಭಾವ ಶೀತದೇಶದ ಮಾತು, ನಮ್ಮ ಮೇಕೆಗಳು ವರ್ಷವೆಲ್ಲ ಬೆದೆಗೆ ಬರುವುದರಿಂದ ಇಲ್ಲಿ ಅದಕ್ಕೆ ಸ್ಥಳವಿಲ್ಲ ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ಯಾರಿಸಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಸುಮಾರು ಎಂಟು ಗಂಟೆಗಳ ವ್ಯತ್ಯಾಸವಿದ್ದರೆ, ಹನ್ನೆರಡನೆಯ ಅಕ್ಷಾಂಶದ ಸಮೀಪದಲ್ಲಿರುವ ಚಾಮರಾಜನಗರದಲ್ಲಿ ಅದು ಒಂದೂವರೆ ಗಂಟೆಯನ್ನೂ ಮುಟ್ಟುವುದಿಲ್ಲ. ಹಗಲಿನ ಅಳತೆಯಿಂದ ಬೆದೆ ನಿಲ್ಲುವ ಶೀತದೇಶದ ಮೇಕೆಯ ಸ್ಥಿತಿ ಇಲ್ಲಿಯದಲ್ಲ. ಆದರೆ ಇಲ್ಲಿಯೂ ಬೆದೆ ನಿಲ್ಲುವ ಸಂದರ್ಭಗಳಿವೆ: ಮರಿ ಹಾಕಿ ಹಾಲೂಡುವ ಕಾಲ, ಮೇವು ಒಣಗಿದ ಬೇಸಗೆ, ಇನ್ನೂ ಮೊದಲ ಬೆದೆಗೆ ಬಾರದ ಎಳೆಯ ಹೆಣ್ಣು. ಈ ನಿದ್ರೆ ತೆಳುವಾಗಿದ್ದರೆ ಹೋತದಿಂದ ಎಚ್ಚರವಾಗುತ್ತದೆ. ಮೂಳೆ ಕಾಣುವಷ್ಟು ಬಡವಾದ ಹೆಣ್ಣನ್ನು ಎಂಥ ಹೋತವೂ ಎಬ್ಬಿಸಲಾರದು. ಈ ಸೀಮೆಗೆ ಮೇ ತಿಂಗಳಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು, ಹೀಗೆ ಮಳೆಗೆ ಎರಡು ಶಿಖರಗಳು. ಮೇಕೆ ಗಬ್ಬವಿರುವುದು ಸುಮಾರು ನೂರೈವತ್ತು ದಿನ. ಮೇ ತಿಂಗಳ ಮಳೆಗೆ ಚಿಗುರು ತಿಂದು ಚೇತರಿಸಿಕೊಂಡ ಆಡಿಗೆ ಆಗಲೇ ಹೋತ ಸಿಕ್ಕಿದರೆ ಅಕ್ಟೋಬರಿನ ಹಸುರಿಗೆ ಸರಿಯಾಗಿ ಮರಿ ಬೀಳುತ್ತದೆ. ಹೋತ ಸಿಕ್ಕದೆ ಎರಡು ತಿಂಗಳು ತಡವಾದರೆ ಮರಿ ಬೀಳುವುದು ಡಿಸೆಂಬರಿನ ಚಳಿಗೆ, ಅದು ಹಾಲು ಬಿಟ್ಟು ಸೊಪ್ಪಿಗೆ ಬಾಯಿ ಹಾಕುವುದು ಬೇಸಗೆಯ ಬಾಗಿಲಿನಲ್ಲಿ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ನಿಜವೇ. ಆದರೆ ಆಗ ಮುಟ್ಟಲು ಸೊಪ್ಪು ಇರಬೇಕಷ್ಟೆ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಹೋತದ ಬಳಿ ಆಡನ್ನು ಬಿಡುವುದು ಬೆದೆಯನ್ನು ಎಬ್ಬಿಸುವುದಕ್ಕಲ್ಲ, ಬಂದ ಬೆದೆ ತಪ್ಪಿಹೋಗದಂತೆ ನೋಡಿಕೊಳ್ಳುವುದಕ್ಕಿರಬಹುದು. ಮನುಷ್ಯನ ಕಣ್ಣಿಗೆ ಕಾಣದ ಬೆದೆ ಹೋತಕ್ಕೆ ತಿಳಿಯುತ್ತದೆ. ಬಳಕೆಯಲ್ಲಿ ಎರಡು ಉದ್ದೇಶಗಳೂ ಕಲಸಿಕೊಂಡಿವೆಯೆಂದು ನಾವು ಒಪ್ಪುತ್ತೇವೆ. ಆದರೆ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಚಕ್ರ ಇಪ್ಪತ್ತೊಂದು ದಿನಗಳದಾದರೆ, ಯಾವುದೇ ಮೂರು ದಿನಗಳಲ್ಲಿ ಒಂದು ಆಡು ತಾನಾಗಿ ಬೆದೆಗೆ ಬರುವ ಸಂಭವ ಏಳರಲ್ಲಿ ಒಂದು. ಮೂರು ಆಡುಗಳೂ ಒಟ್ಟಿಗೆ ಹಾಗೆ ಬರುವುದು ಮುನ್ನೂರ ನಲವತ್ತಮೂರರಲ್ಲಿ ಒಂದು. ಬಂದ ಬೆದೆಯನ್ನು ಹಿಡಿಯುವುದಷ್ಟೇ ಗುರಿಯಾಗಿದ್ದರೆ ಮೂರು ವಾರ ಬಿಡಬೇಕಾಗಿತ್ತು. ನಾಲ್ಕಾರು ದಿನ ಸಾಲದು. ನಾಲ್ಕಾರು ದಿನ ಸಾಕೆಂಬ ನಂಬಿಕೆ ಹೋತವೇ ಬೆದೆಯನ್ನು ತರುತ್ತದೆಂಬ ಅನುಭವದಿಂದ ಬಂದಿರಬೇಕು.

ಅಂತೂ, ಹಿಂದೆ ಗಂಡು ಸದಾ ಜೊತೆಯಲ್ಲಿದ್ದ ಮಂದೆಗಳಲ್ಲಿಯೂ ಹೊಸ ಗಂಡಿನ ಪ್ರವೇಶ ನಡೆಯುವ ಸಂದರ್ಭವೊಂದಿತ್ತು. ಸುಗ್ಗಿ ಮುಗಿದ ಮೇಲೆ ಬರಿದಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿಯ ಹೊತ್ತು ಮಂದೆ ನಿಲ್ಲಿಸುವ ಪದ್ಧತಿ ಮೈಸೂರು ಸೀಮೆಯಲ್ಲೆಲ್ಲ ಇದ್ದದ್ದು. ಅದಕ್ಕಾಗಿ ಹಲವರ ಹಿಂಡುಗಳು ಒಂದಾಗುತ್ತಿದ್ದವು. ಒಬ್ಬರ ಹೆಣ್ಣುಗಳಿಗೆ ಇನ್ನೊಬ್ಬರ ಅಪರಿಚಿತ ಗಂಡುಗಳ ಸಹವಾಸವಾಗುತ್ತಿತ್ತು. ಹಿಂದೆ ವಿಜ್ಞಾನಿಗಳು ಪೂರ್ಣ ಪ್ರತ್ಯೇಕತೆ ಅವಶ್ಯವೆಂದು ಭಾವಿಸಿದ್ದರು. ಆದರೆ ಇತ್ತೀಚಿನ ದಶಕಗಳ ಪ್ರಯೋಗಗಳಿಂದ, ಗಂಡು ಹೊಸದಾಗಿದ್ದು ಚುರುಕಾಗಿದ್ದರೆ, ಹಳೆಯ ಗಂಡಿಗೆ ಒಗ್ಗಿಹೋದ ಹೆಣ್ಣುಗಳಲ್ಲಿಯೂ ಪರಿಣಾಮವುಂಟಾಗುವುದೆಂದು ತಿಳಿದುಬಂದಿದೆ. ಹಾಗಾದರೆ ಗೊಬ್ಬರಕ್ಕಾಗಿ ನಡೆದ ಆ ಕೂಟ, ಯಾರೂ ಉದ್ದೇಶಿಸದೆಯೇ, ಬೆದೆಯ ಕೂಟವೂ ಆಗಿದ್ದಿರಬೇಕು. ಬುಕಾನನನಂಥವರು ಗೊಬ್ಬರದ ಬೆಲೆಯನ್ನು ಬರೆದುಕೊಂಡ ಜಾಗದಲ್ಲಿಯೇ ಈ ಇನ್ನೊಂದು ವ್ಯವಹಾರವೂ ನಡೆಯುತ್ತಿತ್ತೆಂದು ನಾವು ಊಹಿಸುತ್ತೇವೆ.

ಈಗ ಕಾಲ ಬದಲಾಗಿದೆ. ಗುಂಡ್ಲುಪೇಟೆಯ ದಕ್ಷಿಣದ ಕಾಡು 1941ರಲ್ಲಿ ವೇಣುಗೋಪಾಲ ವನ್ಯಪ್ರಾಣಿ ಉದ್ಯಾನಕ್ಕೆ ಸೇರಿ, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಒಳಪಟ್ಟಿತು. ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ 2011ರಲ್ಲಿ ಹುಲಿಗಳಿಗೆ ಮೀಸಲಾಯಿತು. ಹುಲಿಗೆ ಕಾಡು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಡಂಚಿನಲ್ಲಿ ದೊಡ್ಡ ಹಿಂಡುಗಳಿಗೆ ಮೇವಿನ ದಾರಿ ಕಿರಿದಾಯಿತು. ಇತ್ತ ಹರವೆಯ ಬಯಲಿನಲ್ಲಿ ಜೋಳ ಹುರುಳಿಗಳ ಮಳೆಯಾಶ್ರಯದ ಹೊಲಗಳು ಕೊಳವೆಬಾವಿಯ ನೀರಿನಿಂದ ಅರಿಸಿನ ಬಾಳೆಗಳ ತೋಟಗಳಾದಂತೆ ಬೀಳುಭೂ ಕಡಮೆಯಾಯಿತು. ಊರಹಿಂಡು ಒಡೆದು, ಮನೆಯ ಮುಂದಿನ ಗೂಟಕ್ಕೆ ಕಟ್ಟಿದ ಎರಡು ಮೂರು ಆಡುಗಳು ಉಳಿದವು. ಅಲ್ಲಿಗೆ, ಯಾರೂ ಕಟ್ಟದೆಯೇ, ಹೆಣ್ಣಿಗೂ ಗಂಡಿಗೂ ನಡುವೆ ಬೇಲಿ ಎದ್ದಂತಾಯಿತು.

ಹೋತವೆಲ್ಲಿ ಹೋಯಿತು? ಮಾಂಸದ ಬೆಲೆಗೆ ಹೋಯಿತು. ಎರಡು ಮೂರು ಆಡುಗಳ ಒಡತಿಗೆ ಹೋತವೊಂದನ್ನು ವರ್ಷವಿಡೀ ಸಾಕುವುದು ನಷ್ಟ. ಗಂಡುಮರಿಯನ್ನು ಬೇಗ ಮಾರಿದಷ್ಟೂ ಅವಳಿಗೆ ಲಾಭ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಪುಷ್ಯದ ಹುಣ್ಣಿಮೆಗೆ ಸಿದ್ಧಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ; ಪಂಕ್ತಿಸೇವೆಯ ದಿನ ಮಾಂಸದ ಅಡುಗೆ ಮಾಡಿ ಜಾತಿಭೇದವಿಲ್ಲದೆ ಒಟ್ಟಿಗೆ ಉಣ್ಣುವುದು ಆ ಪರಂಪರೆಯ ಹೆಗ್ಗಳಿಕೆ. 1959ರ ಪ್ರಾಣಿಬಲಿ ತಡೆ ಕಾನೂನಿಗೂ ಆ ಸೇವೆಗೂ ಇರುವ ವಿವಾದ ಬೇರೆಯ ವಿಷಯ. ಅದರೊಳಗೆ ನಾವು ಹೋಗುವುದಿಲ್ಲ. ನಮಗೆ ಪ್ರಕೃತವಾದದ್ದು ಇಷ್ಟು: ಹಬ್ಬ, ಹರಕೆ, ಜಾತ್ರೆ, ಬೀಗರೂಟ, ಎಲ್ಲಕ್ಕೂ ಬೇಕಾಗುವುದು ಕೊಬ್ಬಿದ ಗಂಡುಮರಿ. ಚೆನ್ನಾಗಿ ಬೆಳೆದದ್ದು ಮೊದಲು ಮಾರಾಟವಾಗುತ್ತದೆ, ಬಡಕಲು ಉಳಿಯುತ್ತದೆ. ತಳಿಯ ದೃಷ್ಟಿಯಿಂದ ಇದು ಹಾನಿಯೆಂದು ಪಶುವೈದ್ಯರು ಹೇಳುತ್ತಲೇ ಬಂದಿದ್ದಾರೆ. ಕಾಲದ ದೃಷ್ಟಿಯಿಂದಲೂ ಹಾನಿಯಿದೆಯೆಂಬುದು ನಾವು ಸೇರಿಸುವ ಮಾತು.

ಆ ಹಾನಿಯ ಪ್ರಮಾಣವನ್ನು ಹೀಗೆ ಅರಿಯಬಹುದು. ಗಬ್ಬದ ಐದು ತಿಂಗಳು, ಮರಿ ಹಾಕಿದ ಮೇಲೆ ಮೂರು ತಿಂಗಳು, ಒಟ್ಟು ಎಂಟು ತಿಂಗಳಿಗೊಮ್ಮೆ ಈದರೆ ಒಂದು ಆಡು ಎರಡು ವರ್ಷಗಳಲ್ಲಿ ಮೂರು ಸಲ ಈಯುತ್ತದೆ. ಹೋತದ ಸುಳಿವಿಲ್ಲದೆ ನಾಲ್ಕು ತಿಂಗಳು ಕಳೆದರೆ ಅದು ಎರಡೇ ಸಲವಾಗುತ್ತದೆ. ಮೂರು ಆಡುಗಳಿದ್ದ ಮನೆಯಲ್ಲಿ ಎರಡು ವರ್ಷಕ್ಕೆ ಮೂರು ಈತು ನಷ್ಟ. ಮಗುವಿನ ಶಾಲೆಯ ಖರ್ಚಿಗೋ ಆಸ್ಪತ್ರೆಯ ಖರ್ಚಿಗೋ ಮಾರಬೇಕೆಂದಿದ್ದ ಮರಿಗಳು ಹುಟ್ಟಲೇ ಇಲ್ಲ. ಈ ನಷ್ಟವನ್ನು ಯಾವ ರೋಗದ ಪಟ್ಟಿಯೂ ತೋರಿಸುವುದಿಲ್ಲ, ಏಕೆಂದರೆ ಯಾವ ಪ್ರಾಣಿಯೂ ಸಾಯಲಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 62 ಲಕ್ಷ ಮೇಕೆಗಳೂ 1 ಕೋಟಿ 10 ಲಕ್ಷ ಕುರಿಗಳೂ ಇದ್ದವು. ಗಣತಿ ತಲೆಗಳನ್ನು ಎಣಿಸುತ್ತದೆ. ಕುರಿಂಬದೆರೆಯ ಕಾಲದಲ್ಲಿಯೂ ತಲೆಗಳನ್ನೇ ಎಣಿಸುತ್ತಿದ್ದರು. ಒಂದು ಹೆಣ್ಣಿಗೂ ಅದಕ್ಕೆ ಹತ್ತಿರದ ಹೋತಕ್ಕೂ ನಡುವೆ ಎಷ್ಟು ಹರದಾರಿ ಎಂಬ ಅಂಕಣವಿಲ್ಲ.

ಆ ಅಂಕಣವನ್ನು ತುಂಬುತ್ತಿರುವವರು ನಾವು ಮೊದಲು ಹೇಳಿದ ವೃದ್ಧೆಯಂಥವರು. ಸಂಜೆ ಅದೇ ದಾರಿಯಲ್ಲಿ ಹಿಂತಿರುಗುವಾಗ ಅವರು ಮತ್ತೆ ಕಂಡರು. ಹಗ್ಗ ಖಾಲಿಯಾಗಿತ್ತು, ತಲೆಯ ಮೇಲೆ ಸೌದೆಯ ಸಣ್ಣ ಹೊರೆಯಿತ್ತು. ಹೋತದ ಮನೆಯವರಿಗೆ ಏನು ಕೊಡಬೇಕೆಂದು ನಾವು ವಿಚಾರಿಸಿದೆವು. ನೆಂಟರಾದ್ದರಿಂದ ಹಣವಿಲ್ಲ, ಗಬ್ಬ ನಿಂತರೆ ಅವರ ಹೋತಕ್ಕೆ ಒಂದು ಸೇರು ಹುರುಳಿ. ನಿಲ್ಲದಿದ್ದರೆ? ನಿಲ್ಲದಿದ್ದರೆ ಮತ್ತೆ ನಡೆಸಿಕೊಂಡು ಬರುವುದು ಎಂದರು.